ಎಷ್ಟು ಎಚ್‌ಪಿ ಎಂದು ಕೇಳುವ ಮೊದಲು

ಟ್ರ್ಯಾಕ್ಟರ್ ಕೊಂಡ ದಿನ ಅದರ ಫೋಟೊವನ್ನು ಊರಿನಲ್ಲಿರುವ ಅಣ್ಣನಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು. "ಎಷ್ಟು ಎಚ್‌ಪಿ?" ಇಪ್ಪತ್ತೈದು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಷ್ಟು ದೂರ ಹೋಗಿ ದುಡಿದು ಕೊಂಡದ್ದು ಇದನ್ನೇ ಏನೋ?" ಎಂದ. ಅದೇ ಸಂಜೆ ಬೇಲಿಯಾಚೆಯ ನೆರೆಯವರು ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಅವರು ಕೇಳಿದ್ದು ಬೇರೆಯೇ ಪ್ರಶ್ನೆ: "ಎಷ್ಟು ಎತ್ತುತ್ತದೆ?"

ಇಬ್ಬರೂ ತಮ್ಮ ತಮ್ಮ ನೆಲದಿಂದಲೇ ಕೇಳಿದ್ದರು. ಕರ್ನಾಟಕದಲ್ಲಿ ಟ್ರ್ಯಾಕ್ಟರ್ ಬಂದದ್ದು ಎತ್ತಿನ ಜಾಗಕ್ಕೆ. ನೇಗಿಲು, ಕಲ್ಟಿವೇಟರ್, ಟ್ರೈಲರ್ ಎಲ್ಲವೂ ಅದರ ಹಿಂದೆ. ಅದರ ಕೆಲಸ ಎಳೆಯುವುದು. ನಾನೀಗ ಇರುವ ಕಡೆ, ಅಮೆರಿಕದಲ್ಲಿ, ಹತ್ತು ಹದಿನೈದು ಎಕರೆಯ ನಡುವೆ ಮನೆ ಕಟ್ಟಿಕೊಂಡವರು ಉಳುವುದೇ ಅಪರೂಪ. ಹುಲ್ಲು ಸವರುವುದು, ಗೊಬ್ಬರ ಸಾಗಿಸುವುದು, ದಾರಿಗೆ ಜಲ್ಲಿ ಹರಡುವುದು, ಗಾಳಿಗೆ ಬಿದ್ದ ಮರವನ್ನು ಪಕ್ಕಕ್ಕೆ ಸರಿಸುವುದು. ಮುಕ್ಕಾಲು ಪಾಲು ಕೆಲಸ ಮುಂದಿನ ಲೋಡರ್‌ನದ್ದು, ಅಂದರೆ ಬಕೆಟ್ ಹೊತ್ತ ತೋಳುಗಳದ್ದು. ಅಣ್ಣನ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ ಎಂದು ನಾನೂ ಮೊದಲು ಸುಲಭವಾಗಿ ತೀರ್ಮಾನಿಸಿಬಿಟ್ಟೆ. ಆದರೆ ನೆರೆಯವರ ಅಳತೆಗೋಲೂ ಅರ್ಧವೇ ಎಂದು ತಿಳಿದದ್ದು ಆಮೇಲೆ.

ಎಚ್‌ಪಿ ಎಂಬುದು ಒಂದೇ ಸಂಖ್ಯೆಯಲ್ಲ. ಬಾನೆಟ್ ಮೇಲೆ ಬರೆದಿರುವುದು ಎಂಜಿನ್‌ನ ಶಕ್ತಿ. ಹಿಂದೆ ಸಿಕ್ಕಿಸಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟಿಗೆ ಬರುವಷ್ಟರಲ್ಲಿ ಅದರಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಕರಗಿರುತ್ತದೆ. ಮೆತ್ತನೆಯ ನೆಲದಲ್ಲಿ ಏನನ್ನಾದರೂ ಎಳೆಯಹೊರಟರೆ ಇನ್ನೂ ಬಹಳ ಕಡಿಮೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಟ್ರ್ಯಾಕ್ಟರುಗಳಿಗೆ 10-20, 15-30 ಎಂಬಂಥ ಹೆಸರುಗಳೇ ಇದ್ದವು. ಮೊದಲನೆಯದು ಎಳೆಯುವ ಶಕ್ತಿ, ಎರಡನೆಯದು ಬೆಲ್ಟ್ ಹಾಕಿ ಬೇರೆ ಯಂತ್ರ ತಿರುಗಿಸಲು ಸಿಗುವ ಶಕ್ತಿ. ಸುಳ್ಳು ಸಂಖ್ಯೆ ಹೇಳಿ ಮಾರುವವರಿಂದ ರೈತರು ರೋಸಿಹೋಗಿ, 1919ರಲ್ಲಿ ನೆಬ್ರಾಸ್ಕಾ ರಾಜ್ಯ ಪರೀಕ್ಷೆಯಿಲ್ಲದೆ ಟ್ರ್ಯಾಕ್ಟರ್ ಮಾರಬಾರದೆಂದು ಕಾನೂನು ಮಾಡಿತು. ಆ ಪರೀಕ್ಷೆ ಇಂದಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲೂ ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಪಿಟಿಒ ಶಕ್ತಿ, ಎಳೆತ, ತೂಕ, ಎತ್ತುವ ಸಾಮರ್ಥ್ಯ ಎಲ್ಲವನ್ನೂ ಅಳೆದು ವರದಿ ಕೊಡುತ್ತದೆ. ಅಣ್ಣ ಬುದ್ನಿಯ ವರದಿಯನ್ನು ಓದಿದವನಲ್ಲ, ನನ್ನ ನೆರೆಯವರು ನೆಬ್ರಾಸ್ಕಾದ ವರದಿಯನ್ನು ಓದಿದವರಲ್ಲ. ಈ ಒಂದು ವಿಷಯದಲ್ಲಿ ಎರಡೂ ನಾಡುಗಳು ಸರಿಸಮ.

ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕಿತ್ತು. ಹುಲ್ಲು ಸವರುವ ಯಂತ್ರಕ್ಕೆ ಪ್ರತಿ ಅಡಿ ಅಗಲಕ್ಕೆ ಸುಮಾರು 5 ಎಚ್‌ಪಿ, ಅದೂ ಪಿಟಿಒದಲ್ಲಿ, ಬೇಕು ಎಂಬುದು ಬಳಸುವವರೆಲ್ಲರ ಬಾಯಿಲೆಕ್ಕ. ನನ್ನ 25ರಲ್ಲಿ ಪಿಟಿಒಗೆ ಉಳಿಯುವುದು ಇಪ್ಪತ್ತು ಚಿಲ್ಲರೆ. ನಾನು ಕೊಂಡದ್ದು ಐದು ಅಡಿಯ ಯಂತ್ರ. ಎದೆಯೆತ್ತರದ ಹುಲ್ಲಿಗೆ ನುಗ್ಗಿದೊಡನೆ ಎಂಜಿನ್ ಉಸಿರು ಕಟ್ಟಿ ನರಳುತ್ತದೆ. ಯಾವ ಯಂತ್ರ ಎಂದು ಮೊದಲು, ಯಾವ ಟ್ರ್ಯಾಕ್ಟರ್ ಎಂದು ಆಮೇಲೆ. ನಾನು ಮಾಡಿದ್ದು ತಲೆಕೆಳಗು.

ಇನ್ನು ತೂಕ. ನನಗೆ ತಕರಾರಿರುವುದೇ ಇಲ್ಲಿ. ಒಂದೇ 25 ಎಚ್‌ಪಿ ಎಂಜಿನ್ 700 ಕೆಜಿಯ ಗಾಡಿಯಲ್ಲೂ ಸಿಗುತ್ತದೆ, 1,200 ಕೆಜಿಯ ಗಾಡಿಯಲ್ಲೂ ಸಿಗುತ್ತದೆ. ಬಣ್ಣ ಒಂದೇ, ಸ್ಟಿಕ್ಕರ್ ಒಂದೇ. ಕೆಲಸಕ್ಕಿಳಿದರೆ ಎರಡೂ ಬೇರೆ ಬೇರೆ ಜಾತಿಯ ಪ್ರಾಣಿಗಳು. ಅಣ್ಣನ 45 ಎಚ್‌ಪಿ ಗಾಡಿ ಹತ್ತಿರ ಹತ್ತಿರ ಎರಡು ಟನ್ ತೂಗುತ್ತದೆ. ಅವನ ನೇಗಿಲು ಎಳೆಯುವುದು ಎಂಜಿನ್‌ನ ಶಕ್ತಿಯಿಂದ ಎಷ್ಟೋ ಅಷ್ಟೇ ಆ ಭಾರದಿಂದ. ಚಕ್ರ ನೆಲದಲ್ಲಿ ಜಾರುತ್ತಿರುವಾಗ ಇನ್ನೂ ದೊಡ್ಡ ಎಂಜಿನ್ ಬೇಕೆನ್ನುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನನಗೆ ಇದನ್ನು ಕಲಿಸಿದ್ದು ಒಂದು ಬಕೆಟ್ ಜಲ್ಲಿ. ಕಾಲು ಘನ ಮೀಟರ್ ಎಂದರೆ ಕಣ್ಣಿಗೆ ಒಂದು ಚಿಕ್ಕ ಗುಡ್ಡೆ, ತೂಕ ಸುಮಾರು 400 ಕೆಜಿ. ದಾರಿ ಕಾಣಲೆಂದು ಬಕೆಟ್ಟನ್ನು ಮೇಲೆತ್ತಿಕೊಂಡು ಇಳಿಜಾರಿನಲ್ಲಿ ಹೊರಟೆ. ಹಿಂಬದಿ ಹಗುರಾದದ್ದು ಸೀಟಿನಲ್ಲಿ ಕುಳಿತವನಿಗೇ ತಿಳಿಯಿತು. ಬ್ರೇಕ್ ಒತ್ತಿದೆ. ಇಂಥ ಗಾಡಿಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ. ಹಿಂದಿನ ಚಕ್ರಗಳೋ ನೆಲವನ್ನು ಮುಟ್ಟಿಯೂ ಮುಟ್ಟದಂತಿದ್ದವು. ನಾಲ್ಕು ಚಕ್ರದ ಚಾಲನೆಯನ್ನು ನಾನು ಹಾಕಿರಲಿಲ್ಲ. ಹಾಕಿದ್ದರೆ ಮುಂದಿನ ಚಕ್ರಗಳಾದರೂ ಗೇರಿನ ಮೂಲಕ ಹಿಡಿಯುತ್ತಿದ್ದವು. ಹೆದರಿ ಬಕೆಟ್ಟನ್ನು ನೆಲಕ್ಕೆ ಇಳಿಸಿದ್ದೇ ನನ್ನನ್ನು ಉಳಿಸಿತು. ಕರಪತ್ರದಲ್ಲಿರುವ ಎತ್ತುವ ಸಾಮರ್ಥ್ಯವನ್ನು ಬಕೆಟ್ ತಿರುಗುವ ಕೀಲಿನ ಬಳಿ ಅಳೆದಿರುತ್ತಾರೆ, ಅರ್ಧ ಮೀಟರ್ ಮುಂದಕ್ಕೆ ಬಂದರೆ ಆ ಸಂಖ್ಯೆ ಬಹಳಷ್ಟು ಇಳಿಯುತ್ತದೆ ಎಂಬುದನ್ನು ಓದಿಕೊಂಡದ್ದು ಅದೇ ರಾತ್ರಿ.

ಹಾಗೆಂದು ಭಾರಿ ಗಾಡಿಯೇ ಲೇಸು ಎನ್ನಲಾರೆ. ಮಳೆಗಾಲದಲ್ಲಿ ಅದು ಹುಲ್ಲುಗಾವಲಿನಲ್ಲಿ ಕೊರೆಯುವ ಚಕ್ರದ ಹಳ್ಳ ವರ್ಷಗಟ್ಟಲೆ ಮಾಯುವುದಿಲ್ಲ. ಮರಗಳ ಸಾಲಿನ ನಡುವೆ ತಿರುಗುವುದಿಲ್ಲ. ಗೇಟಿನ ಅಗಲ, ಶೆಡ್ಡಿನ ಎತ್ತರ ಅಳೆಯಲು ಒಂದು ಟೇಪು ಸಾಕು, ಆದರೂ ಯಾರೂ ಅಳೆಯುವುದಿಲ್ಲ. ಶೆಡ್ಡಿಗೆ ನುಗ್ಗಿಸಲೆಂದು, ಪಲ್ಟಿಯಾದಾಗ ಜೀವ ಕಾಯುವ ಚೌಕಟ್ಟನ್ನು ಮಡಚಿ, ಮಡಚಿದ್ದಂತೆಯೇ ಇಳಿಜಾರಿಗೆ ಒಯ್ಯುವವರನ್ನು ಇಲ್ಲಿ ಕಂಡಿದ್ದೇನೆ. ಸ್ವೀಡನ್ ಹೊಸ ಟ್ರ್ಯಾಕ್ಟರುಗಳಿಗೆ ಆ ಚೌಕಟ್ಟನ್ನು ಕಡ್ಡಾಯ ಮಾಡಿದ್ದು 1959ರಲ್ಲಿ. ಅಣ್ಣನ ಗಾಡಿಗೆ ಅದು ಇಂದಿಗೂ ಇಲ್ಲ.

ನಡುವೆ ಒಂದು ಮಾತು. ಅಮೆರಿಕದ ಹೊಗೆ ನಿಯಮ 19 ಕಿಲೋವ್ಯಾಟಿನಿಂದ, ಅಂದರೆ 25 ಎಚ್‌ಪಿ ಸುಮಾರಿನಿಂದ, ಬಿಗಿಯಾಗುತ್ತದೆ. ಭಾರತದಲ್ಲಿ 2023ರಲ್ಲಿ 50 ಎಚ್‌ಪಿ ಮೇಲಿನವಕ್ಕೆ ಹೊಸ ನಿಯಮ ಬಂತು. ಗೆರೆಯ ಕೆಳಗೇ ಹಲವು ಮಾದರಿಗಳು ಗುಂಪುಗೂಡಿರುವುದಕ್ಕೆ ಇದೂ ಒಂದು ಕಾರಣ, ನಮ್ಮ ಹೊಲಕ್ಕೆ ಅಷ್ಟೇ ಬೇಕೆಂದಲ್ಲ.

ಊರಿನ ಒಂದು ಪದ್ಧತಿ ಮಾತ್ರ ಇಲ್ಲಿಯವರಿಗಿಂತ ಜಾಣತನದ್ದು ಎಂದು ನನಗೆ ಖಚಿತವಾಗಿದೆ. ಅಲ್ಲಿ ವರ್ಷಕ್ಕೆರಡು ದಿನದ ಕೆಲಸಕ್ಕೆ ಯಾರೂ ಟ್ರ್ಯಾಕ್ಟರ್ ಕೊಳ್ಳುವುದಿಲ್ಲ. ಗಂಟೆ ಲೆಕ್ಕದಲ್ಲಿ ಕರೆಸುತ್ತಾರೆ. ಇಲ್ಲಿ ಎಂದೋ ಒಮ್ಮೆ ಬೇಕಾಗುವ ಗುಂಡಿಗಾಗಿ, ಎಂದೋ ಒಮ್ಮೆ ಎತ್ತಬೇಕಾದ ದಿಮ್ಮಿಗಾಗಿ ದೊಡ್ಡ ಗಾಡಿ ಕೊಂಡು, ಉಳಿದ ದಿನವೆಲ್ಲ ಅದರಲ್ಲಿ ಹುಲ್ಲು ಸವರುತ್ತಾರೆ. ವಾರವಾರ ಮಾಡುವ ಕೆಲಸಕ್ಕೆ ತಕ್ಕ ಗಾಡಿ ಕೊಂಡು, ಅಪರೂಪದ್ದಕ್ಕೆ ಬಾಡಿಗೆಯವನನ್ನು ಕರೆಯಿರಿ ಎಂದರೆ ನೆರೆಯವರಿಗೆ ಅದು ಬಡತನದ ಮಾತಿನಂತೆ ಕೇಳಿಸುತ್ತದೆ.

ನಾನು ಗಾಡಿ ಬದಲಿಸಲಿಲ್ಲ. ಹಿಂದಿನ ಟಯರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದೆ, ಹೆಪ್ಪುಗಟ್ಟದ ದ್ರಾವಣ ಬೆರೆಸಿ. 200 ಲೀಟರ್ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಕಾಂಕ್ರೀಟ್ ತುಂಬಿ, ಹಿಂದಿನ ತೋಳುಗಳಿಗೆ ಸಿಕ್ಕಿಸಿದೆ. ಸುಮಾರು 240 ಕೆಜಿ. ಅದರ ಫೋಟೊ ನೋಡಿ ಅಣ್ಣ ಮತ್ತೆ ಫೋನ್ ಮಾಡಿದ. "ಇದೇನು, ದುಡ್ಡು ಕೊಟ್ಟು ಭಾರ ಹೊರಿಸಿದ್ದೀಯ?" ವಿವರಿಸಿದೆ. ತಡೆದು ಹೇಳಿದ: "ತುಂಬಿದ ಟ್ರೈಲರ್ ದಿಬ್ಬ ಹತ್ತುವಾಗ ಮೂತಿ ಏಳದಿರಲೆಂದು ಬಾನೆಟ್ ಮೇಲೆ ಇಬ್ಬರನ್ನು ಕೂರಿಸುತ್ತೇವಲ್ಲ, ಅದೇ ತಾನೆ?"

ಅದೇ ಎಂದೆ. ಆದರೆ ಕಾಂಕ್ರೀಟಿಗೆ ಹೆಂಡತಿ ಮಕ್ಕಳಿಲ್ಲ ಎಂದೂ ಸೇರಿಸಿದೆ. ನಕ್ಕ. ಮುಂದಕ್ಕೆ ಹಾಕುವ ಕಬ್ಬಿಣದ ತೂಕಗಳು ಎಲ್ಲಿ ಸಿಗುತ್ತವೆಂದು ನಾಳೆ ವಿಚಾರಿಸುತ್ತೇನೆ ಎಂದು ಫೋನ್ ಇಟ್ಟ.