ಸಂಡೂರಿನ ಕಾಡು ಮತ್ತು ಕಂಪ್ಯೂಟರ್ ಲೆಕ್ಕ: ಒಂದು ಸ್ಪಷ್ಟನೆ

ಗಣಿಗಾಗಿ ಕಡಿದ ಸಂಡೂರಿನ ಕಾಡು 20 ವರ್ಷಗಳಲ್ಲಿ ಮೊದಲಿನಂತೆಯೇ ಆಗುತ್ತದೆಂದು ಕಂಪ್ಯೂಟರ್ ಸಾಬೀತು ಮಾಡಿದೆ ಎಂಬ ಸಂದೇಶ ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಕಾಡು ಹೇಗೆ ಬೆಳೆಯುತ್ತದೆಂದು ಲೆಕ್ಕ ಹಾಕುವ ಫಾರ್ಮೈಂಡ್‌ನಂತಹ ಕಂಪ್ಯೂಟರ್ ಮಾದರಿಗಳು ನೂರಾರು ಜಾತಿಯ ಮರಗಳನ್ನು, ಅವುಗಳಿಗೆ ಬೇಕಾದ ಬೆಳಕು ಮತ್ತು ಅವು ಬೆಳೆಯುವ ಎತ್ತರವನ್ನು ನೋಡಿ ಕೆಲವೇ ಗುಂಪುಗಳಾಗಿ ವಿಂಗಡಿಸುತ್ತವೆ. ಬಳಿಕ 20 ಮೀಟರ್ ಉದ್ದಗಲದ ತುಂಡಿನಲ್ಲಿ ದೊಡ್ಡ ಮರವೊಂದು ಉರುಳಿ ನೆಲಕ್ಕೆ ಬಿಸಿಲು ಬಿದ್ದಾಗ ಯಾವ ಗುಂಪಿನ ಸಸಿ ಮೇಲೇಳುತ್ತದೆ, ಯಾವುದು ನೆರಳಿನಲ್ಲಿ ಸೊರಗಿ ಸಾಯುತ್ತದೆ ಎಂದು ವರ್ಷದಿಂದ ವರ್ಷಕ್ಕೆ ಲೆಕ್ಕ ಹಾಕುತ್ತವೆ. ಆದ್ದರಿಂದ ಮರಗಳ ಒಟ್ಟು ತೂಕ ಹಳೆಯ ಮಟ್ಟ ಮುಟ್ಟಿತೆಂದು ಮಾದರಿ ತೋರಿಸಿದರೂ ಅವೇ ಜಾತಿಗಳು ಮರಳಿದವೆಂದು ಅರ್ಥವಲ್ಲ. ಸಂದೇಶ ಬರೆದವರು ಎಡವಿರುವುದು ಇಲ್ಲಿಯೇ.

ಇಂತಹ ಮಾದರಿಗಳನ್ನು ಒರೆಗೆ ಹಚ್ಚುವ ಪನಾಮಾದ ಬ್ಯಾರೊ ಕೊಲರಾಡೊ ದ್ವೀಪದ 50 ಹೆಕ್ಟೇರ್ ತಾಣದಲ್ಲಿ ಸುಮಾರು 300 ಜಾತಿಗಳಿದ್ದು, 1980ರ ದಶಕದಿಂದ 1 ಸೆಂಟಿಮೀಟರ್ ದಪ್ಪದ ಸಸಿಯನ್ನೂ ಬಿಡದೆ ಅಳೆಯಲಾಗುತ್ತಿದೆ. ಅದು ತೇವದ ಕಾಡು. ನಮ್ಮದು ದಿಂಡಿಗದಂತಹ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು. ಇಲ್ಲಿ ಬೆಳಕಿಗಿಂತ ನೀರಿನ ಕೊರತೆ ಮತ್ತು ಬೆಂಕಿಯೇ ಸಸಿಯ ಉಳಿವನ್ನು ಹೆಚ್ಚಾಗಿ ನಿರ್ಧರಿಸುತ್ತವೆ. ಮಿಗಿಲಾಗಿ, ಮರ ಬಿದ್ದ ಜಾಗದಲ್ಲಿ ಮಣ್ಣೂ ಬೀಜವೂ ಉಳಿದಿರುತ್ತವೆ. ಅದಿರು ತೆಗೆದ ಗುಂಡಿಯಲ್ಲಿ ಮೇಲ್ಮಣ್ಣೇ ಇರುವುದಿಲ್ಲ.