ಚಪ್ಪಲಿ ಬಿಟ್ಟು ಕೈಮುಗಿದರೆ ತಪ್ಪಾ? ಒಂದು ಸ್ಪಷ್ಟನೆ

ದಾವಣಗೆರೆಯ ನಮ್ಮ ಕಥೋಲಿಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಬಲಿಪೂಜೆಗೆ (ಚರ್ಚಿನ ಮಾಸ್‌ಗೆ) ಚಪ್ಪಲಿ ಬಿಟ್ಟು ಬರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು ಇವೆಲ್ಲ ರೋಮ್ (ಅಂದರೆ ಪೋಪರ ಆಡಳಿತವಾದ ವ್ಯಾಟಿಕನ್) ಒಪ್ಪದ ಹೊಸ ಚಾಳಿ, ಭಕ್ತಿ ಕಡಿಮೆಯಾಗಿದ್ದೇ ಇದರಿಂದ ಅಂತ. ಇದು ಸುಳ್ಳು. ಪೂಜೆಯನ್ನು ನಮ್ಮ ದೇಶದ ರೀತಿಗೆ ಹೊಂದಿಸಲು ಭಾರತದ ಬಿಷಪರು ಕೇಳಿದ 12 ಅಂಶಗಳಿಗೆ ರೋಮ್ 1969ರಲ್ಲೇ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ ಇವೆರಡೂ ಇವೆ, ಆರತಿಯೂ ಇದೆ. ನಮ್ಮ ಕಡೆ ದೇವರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವುದೇ ಅಗೌರವ ಅಲ್ವಾ?

ಹಾಗಂತ ಮೊಣಕಾಲೂರುವವರನ್ನು ಹಳೇ ಕಾಲದವರು ಅಂತ ಸುಮ್ನೆ ಆಡಿಕೊಳ್ಳುವುದೂ ಬೇಡ. ಮೊಣಕಾಲೂರಿದ ಕಾರಣಕ್ಕೆ ಯಾರಿಗೂ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ನಿರಾಕರಿಸುವಂತಿಲ್ಲ, ಅದನ್ನು ನಾಲಿಗೆಯ ಮೇಲೆ ಸ್ವೀಕರಿಸುವ ಹಕ್ಕು ಯಾವಾಗಲೂ ಇದೆ ಎಂದು ರೋಮ್ 2004ರಲ್ಲಿ ಹೇಳಿದೆ. ನನ್ನ ಕೇಳಿದರೆ, ಪೂಜೆ ನಡುವೆ ಮೊಬೈಲ್ ರಿಂಗಾಗುವುದೇ ಇದಕ್ಕಿಂತ ಜಾಸ್ತಿ ತೊಂದರೆ.