ಎರಡು ಸೆಂಟಿಮೀಟರ್ ಖಾಲಿ ಜಾಗ

"ಪ್ಲಾಸ್ಟಿಕ್ ಬಿಟ್ಟು ಪೇಪರ್‌ಗೆ ಬಂದಿದ್ದೇವೆ, ಇನ್ನು ಪರಿಸರದ ಚಿಂತೆ ಇಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಸಂಕಟ ಆಗುತ್ತದೆ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಪೇಪರ್ ಒಳ್ಳೆಯದೇ. ಆದರೆ ಅದೇನೂ ಪುಕ್ಕಟೆ ಬರುವುದಿಲ್ಲ. ಮರ, ನೀರು, ಹಬೆ, ಕರೆಂಟು ಎಲ್ಲ ಸುರಿದ ಮೇಲೆ ಒಂದು ರೀಲ್, ಅಂದರೆ ಪೇಪರಿನ ದೊಡ್ಡ ಸುರುಳಿ, ಆಗುತ್ತದೆ. ಯಾವ ವಸ್ತು ಅನ್ನುವ ಮೊದಲು ಎಷ್ಟು ವಸ್ತು ಅಂತ ಕೇಳಬೇಕು. ಆ ಪ್ರಶ್ನೆ ಕೇಳುವವರು ತುಂಬಾ ಕಡಿಮೆ.

ಒಂದು ಲೆಕ್ಕ ಹೇಳುತ್ತೇನೆ. 400 ಮಿ.ಮೀ. ಉದ್ದ, 300 ಅಗಲ, 300 ಎತ್ತರದ ಐದು ಪದರದ ಮಾಮೂಲಿ ಪೆಟ್ಟಿಗೆ. ಒಳಗಿನ ಸರಕು 280ಕ್ಕೇ ಮುಗಿಯುತ್ತದೆ. ಮೇಲೆ ಎರಡು ಸೆಂಟಿಮೀಟರ್ ಸುಮ್ನೆ ಖಾಲಿ. ಪೆಟ್ಟಿಗೆಯನ್ನು ಬಿಚ್ಚಿ ಹಾಸಿದರೆ ಸುಮಾರು 1435 ಮಿ.ಮೀ. ಉದ್ದದ ಹಾಳೆ. ಎತ್ತರ ಇಳಿಸಿದರೆ ಅಷ್ಟುದ್ದಕ್ಕೂ 20 ಮಿ.ಮೀ. ಪಟ್ಟಿ ಉಳಿಯಿತು. ಚದರ ಮೀಟರಿಗೆ 700 ಗ್ರಾಂ ತೂಗುವ ರಟ್ಟಾದರೆ ಪೆಟ್ಟಿಗೆಗೆ 20 ಗ್ರಾಂ ಉಳಿತಾಯ. ದಿನಕ್ಕೆ 10,000 ಪೆಟ್ಟಿಗೆ ಹೊರಡುವ ಕಡೆ ಅದು 200 ಕೆ.ಜಿ. ಪೇಪರ್! ಹೊಸ ಮೆಷಿನ್ ಬೇಡ, ಹೊಸ ತಂತ್ರಜ್ಞಾನ ಬೇಡ. ಸರಕಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ ಸಾಕು.

ಇಲ್ಲೂ ಒಂದು ಮಾತಿದೆ. ರಟ್ಟು ಮಾಡುವ ಮೆಷಿನ್ ಮೇಲೆ ಇಂಥ ಹಾಳೆಗಳು ಪಕ್ಕಪಕ್ಕ ಮೂರು ಬರುತ್ತವೆ ಅಂದುಕೊಳ್ಳಿ. ಆಗ ರೀಲಿನ ಅಗಲದಲ್ಲಿ 60 ಮಿ.ಮೀ. ಕಡಿಮೆ ಸಾಕು. ಆದರೆ ಖರೀದಿ ಮಾಡುವವರು ಹಳೇ ಅಗಲದ ರೀಲನ್ನೇ ತರಿಸಿದರೆ, ಉಳಿಸಿದ ಪಟ್ಟಿ ಟ್ರಿಮ್ ಆಗಿ ಕತ್ತರಿಸಿಕೊಂಡು ನೇರ ರದ್ದಿ ಒತ್ತಿ ಕಟ್ಟುವ ಬೇಲಿಂಗ್ ಮೆಷಿನ್ನಿಗೆ ಹೋಗುತ್ತದೆ. ಡಿಸೈನ್ ಮಾಡುವವರು, ಪ್ಲಾನಿಂಗಿನವರು, ಖರೀದಿಯವರು ಒಂದೇ ಮೇಜಿನ ಸುತ್ತ ಕೂರದಿದ್ದರೆ ಕಾಗದದ ಮೇಲಿನ ಉಳಿತಾಯ ಕಾಗದದ ಮೇಲೇ ಉಳಿಯುತ್ತದೆ.

ಬೆಳಿಗ್ಗೆ ಮೆಷಿನ್ ಶುರುವಾದಾಗ ಬರುವ ಮೊದಲ ಹಾಳೆಗಳನ್ನು ನೀವು ನೋಡಬೇಕು. ಹಬೆಯಿಂದ ಕಾಯುವ ರೋಲರ್ ಇನ್ನೂ ಸರಿಯಾಗಿ ಬಿಸಿಯಾಗಿರುವುದಿಲ್ಲ. ಸ್ಟಾರ್ಚ್ ಅಂಟು ಹಿಡಿದಿರುವುದಿಲ್ಲ. ಹಾಳೆ ದೋಣಿಯ ಹಾಗೆ ಬಾಗಿರುತ್ತದೆ. ಆಪರೇಟರ್ ಒಂದು ಮೂಲೆಯನ್ನು ಉಗುರಲ್ಲಿ ಎಬ್ಬಿಸಿ ಪದರ ಎಳೆದು ನೋಡುತ್ತಾನೆ. ಪೇಪರಿನ ನಾರು ಕಿತ್ತು ಬಂದರೆ ಅಂಟು ಕೂತಿದೆ ಅಂತ ಅರ್ಥ. ಸಲೀಸಾಗಿ ಬಿಟ್ಟುಕೊಂಡರೆ ಆ ಹಾಳೆಗಳೆಲ್ಲ ವೇಸ್ಟ್. ಪ್ರತಿ ಸಲ ಪೇಪರ್ ಬದಲಾಯಿಸಿದಾಗಲೂ ಸ್ವಲ್ಪ ಇದೇ ಕಥೆ. ಅದಕ್ಕೇ ಒಂದೇ ಪೇಪರಿನ ಆರ್ಡರುಗಳನ್ನು ಸೇರಿಸಿ ಒಟ್ಟಿಗೆ ಓಡಿಸುವ ಪ್ಲಾನರ್ ಮೇಲೆ ನನಗೆ ಬಹಳ ಗೌರವ.

"ರೀಸೈಕಲ್ ಆಗುತ್ತಲ್ಲ, ಬಿಡಿ" ಅನ್ನುತ್ತಾರೆ. ಆಗುತ್ತೆ, ನಿಜ. ಆದರೆ ಆ ಹಾಳೆ ಮತ್ತೆ ಲಾರಿ ಹತ್ತಬೇಕು, ನೀರಲ್ಲಿ ಕರಗಬೇಕು, ಆ ನೀರನ್ನು ಮತ್ತೆ ಹಬೆಯಿಂದ ಒಣಗಿಸಬೇಕು. ಪೇಪರ್ ಮಿಲ್ಲಿನಲ್ಲಿ ಈ ಒಣಗಿಸುವ ಕೆಲಸಕ್ಕೇ ಶಾಖ ಜಾಸ್ತಿ ಬೇಕು. ಒಂದು ದಿನವೂ ಪೆಟ್ಟಿಗೆಯಾಗಿ ದುಡಿಯದ ಪೇಪರಿಗೆ ಇಷ್ಟೆಲ್ಲ ಎರಡೆರಡು ಸಲ ಖರ್ಚಾದರೆ ಹೊಟ್ಟೆ ಉರಿಯುತ್ತದೆ.

ಹಬೆ ಅಂದಾಗ ನೆನಪಾಯಿತು. ಸೋರುವ ಸ್ಟೀಮ್ ಟ್ರ್ಯಾಪ್ (ಹಬೆ ತಡೆದು ನೀರನ್ನಷ್ಟೇ ಹೊರಬಿಡುವ ವಾಲ್ವ್), ಹೊದಿಕೆ ಇಲ್ಲದ ಪೈಪು, ಚರಂಡಿಗೆ ಹರಿಯುವ ಬಿಸಿ ಕಂಡೆನ್ಸೇಟ್ (ಹಬೆ ತಣಿದು ಆದ ನೀರು), ಇವು ಮೂರೂ ಇರುವ ಕಡೆ ಚಾವಣಿ ಮೇಲೆ ಸೋಲಾರ್ ಹಾಕಿ ಫೋಟೋ ತೆಗೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಆ ನೀರನ್ನು ಬಾಯ್ಲರಿಗೆ ವಾಪಸ್ ಕಳಿಸಿ. ಪ್ರಿಂಟಿಂಗಿನಲ್ಲೂ ಅಷ್ಟೇ. ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ಆರ್ಡರ್ ಜೋಡಿಸಿದರೆ ತೊಳೆಯುವ ನೀರು ಕಡಿಮೆಯಾಗುತ್ತದೆ. ತೊಳೆದ ನೀರನ್ನು ಅಂಟು ಕಲಸಲು ಬಳಸುವ ಕಾರ್ಖಾನೆಗಳೂ ಇವೆ.

ಈಗ ನನ್ನದೇ ಒಂದು ತಪ್ಪು. ಉಳಿಸುವ ಹುಮ್ಮಸ್ಸಿನಲ್ಲಿ ಒಂದು ಪೆಟ್ಟಿಗೆಯ ಪೇಪರ್ ತೂಕ ಇಳಿಸಿಬಿಟ್ಟೆ. ಲ್ಯಾಬಿನಲ್ಲಿ ಪಾಸಾಯಿತು. ಲ್ಯಾಬ್ ಅಂದರೆ 23 ಡಿಗ್ರಿ, ಶೇ. 50 ತೇವಾಂಶ. ಗೋಡೌನಿನಲ್ಲಿ ಮಳೆಗಾಲ. ತೇವಾಂಶ ಶೇ. 90ರ ಹತ್ತಿರ ಹೋದರೆ ರಟ್ಟಿನ ತಾಕತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ, ಪೆಟ್ಟಿಗೆಯ ಮೇಲಿನ ಭಾರವನ್ನು ಹೆಚ್ಚಾಗಿ ಹೊರುವುದು ಅದರ ನಾಲ್ಕು ಮೂಲೆಗಳು. ಆ ಗೋಡೌನಿನಲ್ಲಿ ಇಟ್ಟಿಗೆ ಗೋಡೆಯ ಹಾಗೆ ಅಡ್ಡಡ್ಡ ಪೇರಿಸಿದ್ದರು, ಮೂಲೆಯ ಮೇಲೆ ಮೂಲೆ ಕೂತಿರಲಿಲ್ಲ. ಕೆಳಗಿನ ಸಾಲು ಹೊಟ್ಟೆ ಉಬ್ಬಿಸಿ ಕುಸಿಯಿತು. ಒಳಗಿನ ಸರಕು ಪುಡಿಪುಡಿ. ಆ ಸರಕು ತಯಾರಿಸಲು ಖರ್ಚಾದ ಇಂಧನದ ಮುಂದೆ ನಾನು ಉಳಿಸಿದ ಪೇಪರ್ ಏನೇನೂ ಅಲ್ಲ. ಆ ಒದ್ದೆ ರಟ್ಟಿನ ವಾಸನೆ ಇನ್ನೂ ಮೂಗಲ್ಲಿದೆ.

ಹಾಗಂತ ಹೆದರಿ ಎಲ್ಲದಕ್ಕೂ ಎರಡು ಪದರ ಜಾಸ್ತಿ ಹಾಕುವುದೂ ತಪ್ಪು. ಎಷ್ಟು ಸಾಲು ಪೇರಿಸುತ್ತಾರೆ, ಎಷ್ಟು ದಿನ, ಎಂಥ ಹವೆಯಲ್ಲಿ ಅಂತ ಗೊತ್ತಿದ್ದರೆ ಬೇಕಾದಷ್ಟೇ ಬಲ ಕೊಡಬಹುದು.

ಪೇಪರಿಗೆ ಪ್ಲಾಸ್ಟಿಕ್ ಪದರ ಅಂಟಿಸಿ "ಪೇಪರ್ ಪ್ಯಾಕಿಂಗ್" ಅಂತ ಮಾರುವುದನ್ನು ನಾನು ಒಪ್ಪುವುದಿಲ್ಲ. ಮಾಮೂಲಿ ಪೇಪರ್ ಮಿಲ್ಲಿಗೆ ಅದು ತಲೆನೋವು, ಪ್ಲಾಸ್ಟಿಕ್ ಕರಗಿಸುವವರಿಗೂ ಬೇಡ. ಅದಕ್ಕಿಂತ ಒಂದೇ ಬಗೆಯ ಪ್ಲಾಸ್ಟಿಕ್ ಎಷ್ಟೋ ವಾಸಿ. ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಮೇಲಿನ ಸರಕಿಗೆ ಸುತ್ತುವ ಸ್ಟ್ರೆಚ್ ಫಿಲ್ಮನ್ನೇ ನೋಡಿ. ಮೊದಲೇ ಶೇ. 250 ಎಳೆದು ಸುತ್ತುವ ಮೆಷಿನ್ ಇದ್ದರೆ ಒಂದು ಮೀಟರ್ ಫಿಲ್ಮ್ ಮೂರೂವರೆ ಮೀಟರ್ ಆಗುತ್ತದೆ. ಕೈಯಲ್ಲಿ ಸುತ್ತಿದರೆ ಅಷ್ಟು ಎಳೆಯಲು ಸಾಧ್ಯವೇ ಇಲ್ಲ. 200 ಲೀಟರಿನ ಉಕ್ಕಿನ ಡ್ರಮ್ಮನ್ನಂತೂ ತೊಳೆದು, ನೆಗ್ಗು ತೆಗೆದು, ಸೋರಿಕೆ ಪರೀಕ್ಷೆ ಮಾಡಿ, ಬಣ್ಣ ಬಳಿದು ಮತ್ತೆ ಕೆಲಸಕ್ಕೆ ಹಚ್ಚಬಹುದು. ಅದನ್ನು ಒಂದೇ ಬಳಕೆಗೆ ಗುಜರಿಗೆ ಹಾಕಲು ಹೇಗೆ ಮನಸ್ಸು ಬರುತ್ತದೋ!

ಪೆಟ್ಟಿಗೆ ಕೊಳ್ಳುವ ಕಂಪನಿಗಳಲ್ಲಿ ಇರುವ ಗೆಳೆಯರಲ್ಲಿ ಒಂದು ವಿನಂತಿ. ಮುಂದಿನ ಆರ್ಡರ್ ಕೊಡುವಾಗ ಬರೀ ಅಳತೆ ಕಳಿಸಬೇಡಿ. ಒಳಗೆ ಕೂರುವ ಸರಕಿನ ಒಂದು ಸ್ಯಾಂಪಲ್ ಜೊತೆಗೆ ಕಳಿಸಿ. ಗೋಡೌನಿನಲ್ಲಿ ಪೇರಿಸಿದ್ದರ ಒಂದು ಫೋಟೋವನ್ನೂ ಕಳಿಸಿ.